ಹೂಮಳೆಯ ಘಮವನ್ನು ಡಬ್ಬಿಯಲ್ಲಿ ಕಟ್ಟಿಕೊಡುವುದು ಹೇಗೆ

ಕೊಡಗಿನಿಂದ ಬೆಂಗಳೂರಿಗೋ ದುಬೈಗೋ ಹೊರಟ ಮಕ್ಕಳಿಗೆ ಕಾಫಿಪುಡಿ, ಜೇನು, ಕಾಳುಮೆಣಸು ಕಟ್ಟಿಕೊಡುವುದು ರೂಢಿ. ಅಲ್ಲಿ ಹೋದಮೇಲೆ ಅವರಿಗೆ ಮನೆ ನೆನಪಾಗುವುದು ಒಣನೆಲಕ್ಕೆ ಬಿದ್ದ ಮೊದಲ ಹನಿಯ ವಾಸನೆಗೆ, ಹೊಗೆ ಹಿಡಿದ ಕಂಬಳಿಗೆ, ಕಣದಲ್ಲಿ ಒಣಗುವ ಕಾಫಿ ಹಣ್ಣಿಗೆ, ಮಾರ್ಚ್ ಬೆಳಿಗ್ಗೆ ತೋಟವೆಲ್ಲ ಬೆಳ್ಳಗಾದಾಗಿನ ಆ ಹೂವಿಗೆ. ಇವನ್ನೂ ಕಟ್ಟಿಕೊಡಬಹುದು. ವಾಸನೆ ಯಾವುದಕ್ಕೆ ಅಂಟಿಕೊಳ್ಳುತ್ತದೋ ಅದನ್ನು ಹಿಡಿದಿಟ್ಟರೆ ಸಾಕು. ಮಳೆಯ ವಾಸನೆ ಒಣಮಣ್ಣಿನಲ್ಲಿ, ಹೂವಿನದು ಎಣ್ಣೆಯಲ್ಲಿ, ಹೊಗೆಯದು ಉಣ್ಣೆಯಲ್ಲಿ ನಿಲ್ಲುತ್ತದೆ.

ಮೊದಲು ಬಾಟಲಿಯ ಮಾತು. ಗಾಜಿನದೇ ಬೇಕು. ಪ್ಲಾಸ್ಟಿಕ್ ಡಬ್ಬಿ ವಾಸನೆಯನ್ನು ತಾನೇ ಹೀರಿಕೊಂಡು, ತನ್ನದನ್ನು ಬಿಟ್ಟುಕೊಡುತ್ತದೆ. ಹಳೆ ಉಪ್ಪಿನಕಾಯಿ ಬಾಟಲಿಯಾದರೆ ಎಷ್ಟು ತೊಳೆದರೂ ಮುಚ್ಚಳದ ಒಳಗಿನ ಪದರದಲ್ಲಿ ಇಂಗು ಉಳಿದಿರುತ್ತದೆ, ಹಾಗಾಗಿ ಮುಚ್ಚಳ ಹೊಸದಿರಲಿ. ತೊಳೆದ ಬಾಟಲಿಯನ್ನು ಒಂದಿಡೀ ದಿನ ಬಿಸಿಲಿಗಿಡಿ.

ಮೊದಲ ಮಳೆಯ ಮಣ್ಣು

ಈ ಘಮಕ್ಕೆ 1964ರಲ್ಲಿ ಇಸಬೆಲ್ ಬೇರ್ ಮತ್ತು ರಿಚರ್ಡ್ ಥಾಮಸ್ ಎಂಬ ಆಸ್ಟ್ರೇಲಿಯಾದ ಸಂಶೋಧಕರು 'ಪೆಟ್ರಿಕೋರ್' ಎಂದು ಹೆಸರಿಟ್ಟರು. ಒಣ ದಿನಗಳಲ್ಲಿ ಗಿಡಗಳಿಂದ ಬಂದ ಎಣ್ಣೆಯಂಥ ಅಂಶ ಮಣ್ಣು, ಕಲ್ಲುಗಳಲ್ಲಿ ಸೇರಿಕೊಳ್ಳುತ್ತದೆ. ಜೊತೆಗೆ ಮಣ್ಣಿನ ಸೂಕ್ಷ್ಮಜೀವಿಗಳು ಮಾಡುವ ಜಿಯೋಸ್ಮಿನ್ ಇರುತ್ತದೆ. ಅದು ಲೆಕ್ಕಕ್ಕೆ ಸಿಗದಷ್ಟು ಕಡಿಮೆ ಇದ್ದರೂ ನಮ್ಮ ಮೂಗಿಗೆ ಗೊತ್ತಾಗುತ್ತದೆ. ಆದ್ದರಿಂದ ಮಣ್ಣು ತೆಗೆಯುವ ಹೊತ್ತು ಮುಖ್ಯ. ಫೆಬ್ರವರಿ ಕೊನೆಯಲ್ಲಿ, ಕಾಫಿ ಹೂವನ್ನು ಅರಳಿಸುವ ಹೂಮಳೆಗೆ ಮುಂಚೆ, ಗೊಬ್ಬರವಾಗಲೀ ಔಷಧಿಯಾಗಲೀ ಬೀಳದ ಜಾಗದಿಂದ ಮೇಲಿನ ಎರಡು ಇಂಚು ಮಣ್ಣನ್ನು ಅರ್ಧ ಕಿಲೋದಷ್ಟು ಕೆರೆದುಕೊಳ್ಳಿ. ಎಲೆ, ಬೇರು ಆರಿಸಿ, ಹಳೆ ಪಂಚೆಯ ಮೇಲೆ ತೆಳ್ಳಗೆ ಹರಡಿ ಮೂರು ದಿನ ಒಣಗಿಸಿ. ಬೇಸಿಗೆಯಿಡೀ ಸೂರಿನ ಮೇಲೆ ಕಾದ ಒಂದು ಹೆಂಚಿನ ಚೂರು ಸಿಕ್ಕರೆ ಅದನ್ನೂ ಜೊತೆಗಿಡಿ.

ತೆರೆಯುವ ದಿನ ಎರಡು ಚಮಚ ಮಣ್ಣನ್ನು ತಟ್ಟೆಗೆ ಹಾಕಿ, ಬೆರಳು ಅದ್ದಿ ನೀರನ್ನು ಹನಿಹನಿಯಾಗಿ ಬೀಳಿಸಿ. ಸುರಿದರೆ ಕೆಟ್ಟಿತು. ಹನಿ ಬಿದ್ದಾಗ ಮಣ್ಣಿನ ಸಣ್ಣ ರಂಧ್ರಗಳ ಗಾಳಿ ಗುಳ್ಳೆಯಾಗಿ ಮೇಲೆದ್ದು ಒಡೆದು, ವಾಸನೆಯನ್ನು ಹೊರಗೆ ಚಿಮ್ಮಿಸುತ್ತದೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರು 2015ರಲ್ಲಿ ಇದನ್ನು ವೇಗದ ಕ್ಯಾಮೆರಾದಲ್ಲಿ ಹಿಡಿದು ತೋರಿಸಿದ್ದಾರೆ. ಜಡಿಮಳೆಗಿಂತ ತುಂತುರು ಹೆಚ್ಚು ಘಮಿಸುವುದು ಇದಕ್ಕೇ. ಒಮ್ಮೆ ನೆನೆದ ಮಣ್ಣನ್ನು ಮತ್ತೆ ಬಾಟಲಿಗೆ ಹಾಕಬೇಡಿ. ಗಾಳಿಯಿಲ್ಲದೆ ಕೊಳೆತು ಚರಂಡಿ ವಾಸನೆ ಬರುತ್ತದೆ.

ಕಾಫಿ ಹೂವು, ತೆಂಗಿನೆಣ್ಣೆಯಲ್ಲಿ

ಕಷ್ಟದ್ದು ಇದು, ಮಾಡಲೇಬೇಕಾದದ್ದೂ ಇದೇ. ಹೂಮಳೆ ಬಿದ್ದು, ಅಥವಾ ಸ್ಪ್ರಿಂಕ್ಲರ್ ಹಾಕಿ, ಒಂದು ವಾರದಿಂದ ಹತ್ತು ದಿನದೊಳಗೆ ಹೂವು ಅರಳುತ್ತದೆ, ಎರಡು ಮೂರು ದಿನದಲ್ಲಿ ಕಂದಿಹೋಗುತ್ತದೆ. ಮಳೆ ಬಿದ್ದ ದಿನವೇ ಸಾಮಾನು ಸಿದ್ಧ ಮಾಡಿಕೊಳ್ಳಿ.

ವಾಸನೆಯಿಲ್ಲದ, ಶುದ್ಧೀಕರಿಸಿದ ತೆಂಗಿನೆಣ್ಣೆ 250 ಗ್ರಾಂ ಬೇಕು. ಗಾಣದ ಎಣ್ಣೆ ಅಡುಗೆಗೆ ಒಳ್ಳೆಯದು, ಇಲ್ಲಿ ಮಾತ್ರ ಬೇಡ, ಕೊಬ್ಬರಿಯ ಘಮ ಹೂವನ್ನು ಮುಚ್ಚಿಬಿಡುತ್ತದೆ. ಅಗಲದ ಸ್ಟೀಲ್ ತಟ್ಟೆಗೆ ಒಂದು ಸೆಂಟಿಮೀಟರ್ ದಪ್ಪಕ್ಕೆ ಸುರಿದು ಹೆಪ್ಪುಗಟ್ಟಲು ಬಿಡಿ. ತೆಂಗಿನೆಣ್ಣೆ ಸುಮಾರು 24 ಡಿಗ್ರಿಗೆ ಕರಗುತ್ತದೆ. ಮಾರ್ಚ್ ರಾತ್ರಿಯ ಚಳಿಯಲ್ಲಿ ತಾನೇ ಗಟ್ಟಿಯಾಗುತ್ತದೆ, ಮಧ್ಯಾಹ್ನದ ಹೊತ್ತಿಗೆ ಸಡಿಲಾಗುತ್ತದೆ. ಅದಕ್ಕೇ ತಟ್ಟೆಯನ್ನು ಮನೆಯ ಅತಿ ತಂಪಾದ ಕೋಣೆಯಲ್ಲಿ, ನೀರು ತುಂಬಿದ ಅಗಲ ಪಾತ್ರೆಯೊಳಗೆ ತೇಲಿಸಿಡಿ. ಫ್ರಿಜ್ಜಿಗಿಟ್ಟರೆ ಮೀನು, ಈರುಳ್ಳಿ ಎಲ್ಲವೂ ಎಣ್ಣೆಗೆ ಸೇರುತ್ತದೆ.

ಹೂವು ಕೀಳುವಾಗ ಫಸಲಿನ ಮೇಲೆ ಕಣ್ಣಿರಲಿ. ಗೊಂಚಲನ್ನೇ ಮುರಿದರೆ ಅಷ್ಟು ಕಾಯಿ ಹೋದಂತೆ. ಕಾಫಿಯಲ್ಲಿ ರೋಬಸ್ಟಾ ಜಾತಿಯ ಗಿಡಕ್ಕೆ ಬೇರೆ ಗಿಡದ ಪರಾಗ ಬೇಕೇಬೇಕು, ಗಾಳಿ ಮತ್ತು ಜೇನ್ನೊಣ ತಮ್ಮ ಕೆಲಸ ಮುಗಿಸುವವರೆಗೆ ಅದನ್ನು ಮುಟ್ಟಬೇಡಿ. ಅರೇಬಿಕಾ ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ, ಹಾಗಾಗಿ ಹಿತ್ತಲಲ್ಲಿ ಎರಡು ಅರೇಬಿಕಾ ಗಿಡ ಇದ್ದರೆ ಅದೇ ಸಾಕು. ಅರಳಿದ ದಿನ ಇಬ್ಬನಿ ಪೂರ್ತಿ ಆರಿದ ಮೇಲೆ, ಹೂವಿನ ಬಿಳಿ ಭಾಗವನ್ನಷ್ಟೇ ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆಯಿರಿ. ಬುಡದ ಹಸಿರು ಗುಂಡಿಯಂಥದ್ದು ಗಿಡದಲ್ಲೇ ಉಳಿಯಬೇಕು, ಕಾಯಿಯಾಗುವುದು ಅದೇ. ಒಂದು ತಟ್ಟೆಗೆ ಎರಡು ಹಿಡಿ ಹೂವು ಸಾಕು.

ಗಟ್ಟಿ ಎಣ್ಣೆಯ ಮೇಲೆ ಚಮಚದ ಹಿಡಿಯಿಂದ ಗೆರೆ ಎಳೆದು, ಹೂವುಗಳನ್ನು ಬೋರಲಾಗಿ ಜೋಡಿಸಿ, ಇನ್ನೊಂದು ತಟ್ಟೆ ಮುಚ್ಚಿ. ಹನ್ನೆರಡು ಗಂಟೆಗೊಮ್ಮೆ ಒಂದೊಂದಾಗಿ ತೆಗೆದು ಹೊಸ ಹೂವಿಡಿ, ಎಣ್ಣೆ ಅದೇ ಇರಲಿ. ಐದಾರು ಸಲ ಬದಲಿಸಿದರೆ ಘಮ ಏರುತ್ತದೆ. ಅಂಚು ಕಂದು ತಿರುಗಿದ ಹೂವು ಒಂದಿದ್ದರೂ ಒಣಹುಲ್ಲಿನ ವಾಸನೆ ಬಿಡುತ್ತದೆ. ಎಣ್ಣೆ ಕರಗಿ ಹೂವು ಮುಳುಗಿದರೆ ಹೂವಿನ ನೀರು ತಳ ಸೇರಿ ಹುಳಿಯುತ್ತದೆ, ಆಗ ಆ ತಟ್ಟೆಯನ್ನು ಬಿಟ್ಟುಬಿಡಿ. ಕೊನೆಗೆ ತಟ್ಟೆಯನ್ನು ಬಿಸಿನೀರಿನ ಮೇಲಿಟ್ಟು ಕರಗಿಸಿ, ತೆಳುಬಟ್ಟೆಯಲ್ಲಿ ಸೋಸಿ, ಸಣ್ಣ ಬಾಟಲಿಗಳಿಗೆ ಕತ್ತಿನವರೆಗೆ ತುಂಬಿ ಕತ್ತಲಲ್ಲಿಡಿ. ಬೆಂಕಿಯ ಮೇಲೆ ನೇರವಾಗಿ ಇಟ್ಟರೆ ಅಷ್ಟೂ ಶ್ರಮ ಆವಿಯಾಗಿ ಹೋಗುತ್ತದೆ.

ಉಳಿದವು

ಹೊಗೆಗೆ ಒಂದು ಗೇಣು ಕಂಬಳಿ ತುಂಡು ಸಾಕು. ಸೌದೆ ಒಲೆಯ ಮೇಲಿನ ಗಳದಲ್ಲಿ ಹದಿನೈದು ದಿನ ನೇತುಹಾಕಿ. ಹತ್ತಿಬಟ್ಟೆ ಇಷ್ಟು ಹೊತ್ತು ಹಿಡಿದಿಟ್ಟುಕೊಳ್ಳುವುದಿಲ್ಲ. ಕಣದ ವಾಸನೆಗೆ, ಅಲುಗಿಸಿದರೆ ಒಳಗೆ ಬೀಜ ಗಲಗಲ ಎನ್ನುವಷ್ಟು ಒಣಗಿದ ಚೆರ್ರಿ ಕಾಫಿ, ಅಂದರೆ ಸಿಪ್ಪೆಸಮೇತ ಒಣಗಿಸಿದ ಹಣ್ಣು, ಒಂದು ಹಿಡಿ. ಗಲಗಲ ಎನ್ನದಿದ್ದರೆ ಡಬ್ಬಿಯಲ್ಲಿ ಬೂಸ್ಟು ಹಿಡಿಯುವುದು ಖಂಡಿತ. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮನೆಯ ಹುಳಿವಾಸನೆ ಇಡಲು ಬರುವುದಿಲ್ಲ, ಅದು ಹುದುಗುತ್ತಿರುವಾಗ ಮಾತ್ರ ಇರುವಂಥದ್ದು. ಕಾಚಂಪುಳಿ, ಅಂದರೆ ಹಣ್ಣಿನ ರಸ ಕಾಯಿಸಿ ಮಾಡುವ ಕೊಡಗಿನ ಕಪ್ಪು ಹುಳಿ, ತನ್ನಷ್ಟಕ್ಕೆ ವರ್ಷಗಟ್ಟಲೆ ಇರುತ್ತದೆ, ಬಿಸಿ ಬಾಣಲೆಗೆ ನಾಲ್ಕು ಹನಿ ಬಿಟ್ಟರೆ ಅಡುಗೆಮನೆಯೇ ಎದುರು ಬಂದು ನಿಲ್ಲುತ್ತದೆ. ಪೆಟ್ರೋಲ್ ವಾಸನೆ ಇಷ್ಟ ಎನ್ನುವವರು ಬಹಳ ಜನ. ಅದನ್ನು ಕಟ್ಟಿಕೊಡಬೇಡಿ, ಅದರಲ್ಲಿರುವ ಬೆಂಜೀನ್ ಕ್ಯಾನ್ಸರ್ ತರುವಂಥದ್ದು.

ಮೂಸುವ ಕ್ರಮ

ಕಂಡದ್ದು, ಕೇಳಿದ್ದು ಮೆದುಳಿನ ಥಾಲಮಸ್ ಎಂಬ ಜಂಕ್ಷನ್ ಹಾದು ಹೋಗುತ್ತವೆ. ವಾಸನೆ ಮಾತ್ರ ಆ ದಾರಿ ಹಿಡಿಯದೆ, ಭಾವನೆ ಮತ್ತು ನೆನಪಿನ ಭಾಗಗಳಿಗೆ ಹತ್ತಿರದ ದಾರಿಯಲ್ಲಿ ಸೇರುತ್ತದೆ. ಆದರೆ ಮೂಗು ಬೇಗ ದಣಿಯುತ್ತದೆ. ಎರಡು ಮೂರು ಸಣ್ಣ ಉಸಿರು ಎಳೆದು ಮುಚ್ಚಳ ಹಾಕಿ, ಐದು ನಿಮಿಷ ಬಿಟ್ಟು ಮತ್ತೆ ತೆರೆಯಿರಿ. ಮಧ್ಯೆ ಕಾಫಿಬೀಜ ಮೂಸಬೇಕು ಎನ್ನುತ್ತಾರೆ, ಬರಿಯ ಹೊರಗಾಳಿಯೂ ಅಷ್ಟೇ ಕೆಲಸ ಮಾಡುತ್ತದೆ. ದಿನಾ ತೆರೆದರೆ ಆಫೀಸು, ಅಡುಗೆ, ಟ್ರಾಫಿಕ್ ಎಲ್ಲವೂ ಆ ವಾಸನೆಗೆ ಅಂಟಿಕೊಂಡು ಹಳೆಯದು ಮಸುಕಾಗುತ್ತದೆ. ತಿಂಗಳಿಗೊಮ್ಮೆ ಸಾಕು.

ಎಲ್ಲವನ್ನೂ ಮೇ ತಿಂಗಳೊಳಗೆ ಮುಚ್ಚಿಬಿಡಿ. ಜೂನ್ ಮಳೆ ಹಿಡಿದ ಮೇಲೆ ಮುಚ್ಚಿದ ಬಾಟಲಿಗೆ ಮನೆಯ ತೇವವೂ ಸೇರಿ ಎಲ್ಲವೂ ಒಂದೇ ಮುಗ್ಗಲು ವಾಸನೆಯಾಗುತ್ತದೆ. ಬಾಟಲಿಗೆ ಪೆನ್ಸಿಲಲ್ಲಿ ಬರೆದ ಚೀಟಿ ಅಂಟಿಸಿ: ಯಾವ ದಿನ, ತೋಟದ ಯಾವ ಮೂಲೆ, ಮಳೆ ಬಿದ್ದು ಎಷ್ಟನೇ ದಿನ, ಹೂವು ಕಿತ್ತವರು ಯಾರು.