ಜೂನ್‌ಬೆರ್ರಿ ಗುರುತು ಹಿಡಿಯಲು ಏಪ್ರಿಲ್‌ನಲ್ಲೇ ದಾರ ಕಟ್ಟಿ

ಅಮೆರಿಕದ ಮಿಶಿಗನ್ ಕಾಡಲ್ಲಿ ಜೂನ್‌ಬೆರ್ರಿ (ಬ್ಲೂಬೆರ್ರಿಯಂಥ ಪುಟ್ಟ ಕಾಡುಹಣ್ಣು, ಕೆಲವರು ಸರ್ವಿಸ್‌ಬೆರ್ರಿ ಅನ್ನುತ್ತಾರೆ) ಬೇಕಾದರೆ ಹೂವಿನ ಕಾಲದಲ್ಲೇ ಗಿಡ ಗುರುತು ಮಾಡಿಡಿ ಎಂದು ನಾನು ಹೇಳಿದಾಗ ಜೊತೆಯವರು ನಂಬಲಿಲ್ಲ. "ಹಣ್ಣು ನೋಡದೆ ಹೇಗ್ರೀ ಗೊತ್ತಾಗುತ್ತೆ?" ಅಂದರು. ಈ ಸಲ 3 ಕಿಲೋ ಹತ್ತಿರ ಹಣ್ಣು ಸಿಕ್ಕಿತು. ಈಗ ಅವರೇ ಜಾಗ ಕೇಳುತ್ತಿದ್ದಾರೆ. ಜಾಗ ಮಾತ್ರ ಹೇಳುವುದಿಲ್ಲ.

ಮೊದಲು ಗಿಡ ಗುರುತಿಸುವ ಆಪ್ ನಂಬಿದ್ದೆ. ಎಲೆಯ ಫೋಟೋ ಹಾಕಿದರೆ ಒಮ್ಮೆ ಕಾಡು ಚೆರ್ರಿ ಅನ್ನುತ್ತಿತ್ತು, ಇನ್ನೊಮ್ಮೆ ಬಕ್‌ಥಾರ್ನ್. ಬಕ್‌ಥಾರ್ನ್ ಹಣ್ಣು ತಿಂದರೆ ಹೊಟ್ಟೆ ಕೆಟ್ಟು ಭೇದಿಯಾಗುತ್ತದೆ, ಸುಮ್ನೆ ಬಿಡುವ ವಿಷಯ ಅಲ್ಲ. ವರ್ಷಕ್ಕೆ 30 ಡಾಲರ್ ಕೊಟ್ಟು ಇನ್ನೊಂದು ಆಪ್ ಹಾಕಿಕೊಂಡೆ, ಅದೂ ಅಷ್ಟೇ. ಪಕ್ಕದಲ್ಲಿಟ್ಟು ಹೋಲಿಸೋಣ ಎಂದು ಒಂದು ನರ್ಸರಿಯಿಂದ 40-45 ಡಾಲರಿನ ಗಿಡ ತಂದರೆ, ಚೀಟಿಯಲ್ಲಿ ಸರ್ವಿಸ್‌ಬೆರ್ರಿ, ಕುಂಡದಲ್ಲಿ ಚೋಕ್‌ಬೆರ್ರಿ ಎಂಬ ಬೇರೆಯೇ ಗಿಡ! ಎಲೆಯ ನಡುನರದ ಮೇಲೆ ಸಣ್ಣ ಕಪ್ಪು ಚುಕ್ಕೆಗಳ ಸಾಲು ಇತ್ತು, ಅದರಿಂದ ತಿಳಿಯಿತು. ದುಡ್ಡು ವಾಪಸ್ ಬರಲಿಲ್ಲ.

ಕೊನೆಗೆ ಕೈಹಿಡಿದದ್ದು ಇದು. ಏಪ್ರಿಲ್ ಕೊನೆಗೆ ಕಾಡು ಇನ್ನೂ ಬೋಳಾಗಿರುವಾಗ ಜೂನ್‌ಬೆರ್ರಿ ಬೆಳ್ಳಗೆ ಹೂ ಬಿಟ್ಟು ದೂರದಿಂದಲೇ ಕಾಣುತ್ತದೆ. ಹತ್ತಿರ ಹೋಗಿ ಎಸಳು ನೋಡಿ: ಐದು, ತೆಳ್ಳಗೆ ಉದ್ದಕ್ಕೆ, ನಡುವೆ ಸಂದು. ಚೆರ್ರಿ, ಪೇರ್ ಎಸಳು ದುಂಡಗಿರುತ್ತವೆ. ತೊಗಟೆ ಬೂದು ಬಣ್ಣ, ನುಣುಪು, ಉದ್ದಕ್ಕೆ ಕಪ್ಪು ಗೆರೆ. ಕೊಂಬೆಗೆ ಕೆಂಪು ನೂಲು ಕಟ್ಟಿ ಬಂದುಬಿಡಿ. ಜೂನ್‌ನಲ್ಲಿ ಹಣ್ಣಿನ ತುದಿಗೆ ಬ್ಲೂಬೆರ್ರಿಗೆ ಇರುವಂಥ ಪುಟ್ಟ ಕಿರೀಟ ಇರಬೇಕು, ಅಡ್ಡ ಕೊಯ್ದರೆ ಸಣ್ಣ ಮೆತ್ತಗಿನ ಬೀಜಗಳು ಹಲವು ಇರಬೇಕು. ಒಂದೇ ಗಟ್ಟಿ ಓಟೆ ಇದ್ದರೆ ಅದು ಚೋಕ್‌ಚೆರ್ರಿ ಥರದ ಕಾಡು ಚೆರ್ರಿ. ಹೂವು, ಕಿರೀಟ, ಬೀಜ ಮೂರೂ ಹೊಂದದೆ ನಾನು ಬಾಯಿಗೆ ಹಾಕುವುದಿಲ್ಲ.

ಇದರಲ್ಲಿ ಯಾವ ಜಾತಿ ಎಂದು ಹುಡುಕಲು ಹೋಗಬೇಡಿ, ಒಂದರೊಡನೊಂದು ಬೆರೆತು ತಜ್ಞರಿಗೇ ಬಿಡಿಸಲಾಗದಷ್ಟು ಗೋಜಲಾಗಿವೆ. ಆದರೆ ರುಚಿಗೆ ಒಂದು ಲೆಕ್ಕ ಇದೆ: ಚಿಗುರು ತಾಮ್ರದ ಬಣ್ಣ, ನುಣುಪಾಗಿದ್ದ ಗಿಡಗಳ ಹಣ್ಣು ರಸ ತುಂಬಿ ಸಿಹಿ, ಚಿಗುರಿನ ಮೇಲೆ ಬಿಳಿ ನವಿರು ಜಾಸ್ತಿ ಇದ್ದವು ಸಪ್ಪೆ.

ಬೆಲ್ಲ, ಒಣಮೆಣಸಿನಕಾಯಿ ಹಾಕಿ ಗೊಜ್ಜು ಮಾಡಿದೆ, ಬೀಜದಿಂದ ಬಾದಾಮಿ ಘಮ ಬರುತ್ತದೆ. ಒಣಗಿಸಿ ದ್ರಾಕ್ಷಿ ಬದಲು ಪಾಯಸಕ್ಕೂ ಹಾಕಿದೆ, ಇನ್ನೂ ಚೆನ್ನ. ರಾಬಿನ್ ಹಕ್ಕಿಗಳಿಗಿಂತ ಮೊದಲೇ ಹಣ್ಣಿಗೆ ತಲುಪುವ ಉಪಾಯವನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಂಡಿದ್ದೇನೆ.

ಹಣ್ಣಿನ ಮೇಲೆ ಕಿತ್ತಳೆ ಬಣ್ಣದ ಮುಳ್ಳು ಎದ್ದಿದ್ದರೆ ಅದು ತುಕ್ಕು ರೋಗ, ಜುನಿಪರ್ ಜಾತಿಯ ಮರಗಳಿಂದ ಬರುತ್ತದೆ. ಬರುವ ಏಪ್ರಿಲ್‌ಗೆ ಅವುಗಳಿಂದ ದೂರ ಇರುವ ಗಿಡಗಳಿಗೇ ನೂಲು.