ಅಡ್ರೆಸ್ ಇಲ್ಲದ ಅಕ್ಕನಿಗೆ ಆಧಾರ್ ಮಾಡಿಸುವುದು

ಸೆಕ್ಸ್ ವರ್ಕರ್‌ಗಳ ಎಚ್‌ಐವಿ ತಡೆ ಪ್ರಾಜೆಕ್ಟಿಗೆ ಹೊಸದಾಗಿ ಪೀರ್ ಆಗಿ, ಅಂದರೆ ನಮ್ಮವರ ನಡುವಿಂದಲೇ ಬಂದು ನಮ್ಮವರಿಗೆ ನೆರವಾಗೋಕೆ, ಸೇರಿದವರು ಮೊದಲ ತಿಂಗಳಲ್ಲೇ ಕೇಳುತ್ತಾರೆ. "ಅಕ್ಕಾ, ಕಾಂಡೋಮ್ ಲೆಕ್ಕ ಬರೆಯೋದು ಗೊತ್ತಾಯ್ತು, ಟೆಸ್ಟಿಂಗ್‌ಗೆ ಕರ್ಕೊಂಡು ಹೋಗೋದೂ ಗೊತ್ತಾಯ್ತು. ಎಲ್ಲರೂ ಆಧಾರ್ ಮಾಡಿಸ್ಕೊಡು ಅಂತಾರಲ್ಲ, ಅದಕ್ಕೇನು ಮಾಡ್ಲಿ?" ಒಬ್ಬೊಬ್ಬರಿಗೂ ಬಾಯಲ್ಲಿ ಹೇಳಿ ಸಾಕಾಗಿ ಈಗ ಬರೆದಿಡುತ್ತಿದ್ದೇನೆ. ನಾನು ಮೈಸೂರಿನ ಬಸ್ ಸ್ಟ್ಯಾಂಡ್ ಸುತ್ತಮುತ್ತ 11 ವರ್ಷ ಧಂದೆ ಮಾಡಿದವಳು. ಆಮೇಲೆ 14 ವರ್ಷದಿಂದ ಇದೇ ಹೆಂಗಸರ ಜೊತೆ ಪ್ರಾಜೆಕ್ಟ್ ಕೆಲಸ. ನನ್ನ ಕಾರ್ಡ್ ಮಾಡಿಸಿಕೊಳ್ಳೋಕೆ ನಾನೇ ನಾಲ್ಕು ಸಲ ವಾಪಸ್ ಬಂದಿದ್ದೆ.

ಎಲ್ಲಕ್ಕಿಂತ ಮೊದಲು ಅವಳ ಹೆದರಿಕೆ ತೆಗೆಯಬೇಕು. "ಧಂದೆ ಇಲ್ಲೀಗಲ್ ಅಲ್ವಾ, ನಮಗೆ ಯಾರು ಕಾರ್ಡ್ ಕೊಡ್ತಾರೆ?" ಅಂತಾಳೆ. ನಾವು ಪಿಟಾ ಅನ್ನುತ್ತೀವಲ್ಲ, ಅದು 1956ರ ಅನೈತಿಕ ಸಾಗಾಟ ತಡೆ ಕಾಯ್ದೆ. ವಯಸ್ಸಿಗೆ ಬಂದ ಹೆಂಗಸು ತಾನಾಗಿ ಈ ಕೆಲಸ ಮಾಡಿದರೆ ಅದೇ ಅಪರಾಧ ಅಂತ ಅದರಲ್ಲಿ ಇಲ್ಲ. ಆದರೆ ಅದರ ಸುತ್ತ ಇರುವುದೆಲ್ಲ ಅಪರಾಧ. ರಸ್ತೆಯಲ್ಲಿ ಗಿರಾಕಿ ಕರೆದರೆ 8ನೇ ಸೆಕ್ಷನ್: ಮೊದಲ ಸಲಕ್ಕೆ 6 ತಿಂಗಳವರೆಗೆ ಜೈಲು, ಇಲ್ಲ 500 ರೂಪಾಯಿವರೆಗೆ ದಂಡ, ಇಲ್ಲ ಎರಡೂ. ಇಬ್ಬರು ಹೆಂಗಸರು ಬಾಡಿಗೆ ಹಂಚಿಕೊಂಡು ಒಂದೇ ಮನೆಯಲ್ಲಿ ಕೆಲಸ ಮಾಡಿದರೆ ಆ ಮನೆಯೇ ವೇಶ್ಯಾಗೃಹ. ಗೊತ್ತಿದ್ದೂ ಅದಕ್ಕೆ ಬಾಡಿಗೆ ಕೊಟ್ಟ ಓನರ್ ಮೇಲೂ ಕೇಸ್. ಅವಳ ದುಡಿಮೆಯಲ್ಲಿ ಬದುಕುವ, 18 ದಾಟಿದ ಯಾರ ಮೇಲಾದರೂ 4ನೇ ಸೆಕ್ಷನ್ ಹಾಕಬಹುದು, 2 ವರ್ಷದವರೆಗೆ. ಯಾರಾದರೂ ಅಂದರೆ ಹೆತ್ತ ಮಗನೂ ಸೇರಿದ.

ಹಾಗಾಗಿ ಈ ಕಾಯ್ದೆಯ ಏಟು ಮೊದಲು ಬೀಳುವುದು ಅಡ್ರೆಸ್ ಮೇಲೆ. ಓನರ್ ಅಡ್ವಾನ್ಸ್ ಕೈಯಲ್ಲಿ ಇಸ್ಕೊಳ್ತಾನೆ, ಅಗ್ರಿಮೆಂಟ್ ಬರೆಯಲ್ಲ. "ನಾಳೆ ಏನಾದ್ರೂ ಆದ್ರೆ ನನ್ನ ಹೆಸರೂ ಸ್ಟೇಷನ್‌ಗೆ ಹೋಗತ್ತಮ್ಮ" ಅಂತ ನನ್ನ ಮುಖಕ್ಕೇ ಹೇಳಿದವರಿದ್ದಾರೆ. ಕರೆಂಟ್ ಬಿಲ್ ಅವನ ಹೆಸರಲ್ಲಿ. ಗ್ಯಾಸ್ ಅಂದರೆ ಕಾಳಸಂತೆಯ ಸಿಲಿಂಡರ್. ನಮ್ಮ ಒಬ್ಬ ಅಕ್ಕನ ಮಗ ಗ್ಯಾರೇಜಿನಲ್ಲಿ ಕೆಲಸಕ್ಕಿದ್ದಾನೆ. ಅವನಿಗೆ 18 ತುಂಬಿದ ತಿಂಗಳೇ ಅವಳು ಅವನನ್ನು ಬೇರೆ ರೂಮಿಗೆ ಕಳಿಸಿದಳು. ಜಗಳ ಏನೂ ಇಲ್ಲ. ಯಾವ ಕಾಗದದಲ್ಲೂ ಇಬ್ಬರದೂ ಒಂದೇ ಮನೆ ನಂಬರ್ ಬರಬಾರದು ಅಂತ, ಅಷ್ಟೇ. ರಾತ್ರಿ ಊಟ ಮಾತ್ರ ಡಬ್ಬಿಯಲ್ಲಿ ಹೋಗುತ್ತೆ.

ಅಡ್ರೆಸ್ ಇಲ್ಲ, ಆಧಾರ್ ಇಲ್ಲ. ಆಧಾರ್ ಇಲ್ಲ, ರೇಷನ್ ಇಲ್ಲ, ಬ್ಯಾಂಕ್ ಇಲ್ಲ, ಗೃಹಲಕ್ಷ್ಮಿಯ 2000 ಇಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಶುರುವಾದಾಗ ಇದು ಎಲ್ಲರ ಕಣ್ಣಿಗೂ ಬೀಳುವ ಹಾಗಾಯ್ತು. ಬಸ್ಸಲ್ಲಿ ನನ್ನ ಪಕ್ಕ ಕೂತಿದ್ದ ಅಕ್ಕ ಸುಮ್ನೆ 20 ರೂಪಾಯಿ ತೆಗೆದು ಕಂಡಕ್ಟರ್ ಕೈಗಿಟ್ಟಳು. "ಕಾರ್ಡ್ ತೋರ್ಸಮ್ಮ ಸಾಕು, ಫ್ರೀ" ಅಂದ ಅವನು, ಒಳ್ಳೆ ಮನಸ್ಸಿಂದಲೇ. ಇಲ್ಲ ಅಂದಳು. ಮುಂದಿನ ಸೀಟಿನ ಹೆಂಗಸು ತಿರುಗಿ, "ಯಾವೂರಮ್ಮ ನಿಂದು?" ಅಂದಳು. ಅಕ್ಕ ಮುಂದಿನ ಸ್ಟಾಪಿನಲ್ಲೇ ಇಳಿದುಬಿಟ್ಟಳು. ಅವಳು ಇಳಿಯಬೇಕಿದ್ದದ್ದು ಅಲ್ಲಲ್ಲ.

ಈಗ ಕೆಲಸಕ್ಕೆ ಬರೋಣ. ಅವಳನ್ನು ಕೂರಿಸಿಕೊಂಡು ಮೊದಲು ಕೇಳಬೇಕಾದ್ದು ಒಂದೇ: "ಹಿಂದೆ ಎಲ್ಲಾದ್ರೂ ಹತ್ತು ಬೆರಳು ಒತ್ತಿದ್ದೀಯಾ, ಕಣ್ಣಿನ ಫೋಟೋ ತೆಗ್ಸಿದ್ದೀಯಾ?" ಇದನ್ನು ಕೇಳದೆ ಓಡಿದವರು ನಾಲ್ಕು ತಿಂಗಳು ಕಳೆದುಕೊಳ್ಳುತ್ತಾರೆ. ಎಷ್ಟೋ ಜನಕ್ಕೆ ಊರಲ್ಲಿ, ಗಂಡನ ಮನೆಯಲ್ಲಿ, ಬೇರೆ ಹೆಸರಲ್ಲಿ ಆಧಾರ್ ಆಗಿರುತ್ತೆ. ಊರು ಬಿಟ್ಟಾಗ ಕಾರ್ಡ್ ಅಲ್ಲೇ ಉಳಿದಿರುತ್ತೆ. ಹೊಸದು ಹಾಕಿದರೆ ಬೆರಳು ಹಳೆಯದಕ್ಕೆ ತಾಳೆಯಾಗಿ ರಿಜೆಕ್ಟ್ ಆಗುತ್ತೆ. ಅಂಥವಳಿಗೆ ಹೊಸ ಕಾರ್ಡ್ ಬೇಡ, ಹಳೇ ನಂಬರ್ ಹುಡುಕಿಸಿ. ಆಧಾರ್ ಸಹಾಯವಾಣಿ 1947ಕ್ಕೆ ಫೋನ್ ಮಾಡಬಹುದು, ಇಲ್ಲ ಸೆಂಟರಿನಲ್ಲಿ ಬೆರಳು ಕೊಟ್ಟು ತೆಗೆಸಬಹುದು. ಅವಳು ಹಳೇ ಹೆಸರು ಹೇಳೋಕೆ ಹಿಂದೆಮುಂದೆ ನೋಡಿದರೆ ಒತ್ತಾಯ ಮಾಡಬೇಡಿ. ಟೀ ತರಿಸಿ. ಎರಡನೇ ದಿನ ಹೇಳ್ತಾಳೆ.

ನಿಜವಾಗಲೂ ಏನೂ ಇಲ್ಲದವಳಿಗೆ ಒಂದು ದಾರಿ ಇದೆ, ಸುಪ್ರೀಂ ಕೋರ್ಟ್ ಮಾಡಿಕೊಟ್ಟದ್ದು. 1999ರಲ್ಲಿ ಕೋಲ್ಕತ್ತಾದಲ್ಲಿ ಒಬ್ಬ ನಮ್ಮಂಥ ಹೆಂಗಸನ್ನು ಹೊಡೆದು ಕೊಂದ. ಅವನ ಅಪೀಲನ್ನು 2011ರಲ್ಲಿ ವಜಾ ಮಾಡಿದ ಕೋರ್ಟ್, ಕೇಸನ್ನು ಅಲ್ಲಿಗೆ ಮುಚ್ಚದೆ, ಈ ಹೆಂಗಸರ ಬದುಕಿಗೆ ಏನು ಮಾಡಬೇಕು ಅಂತ ವಿಚಾರಣೆ ಮುಂದುವರಿಸಿತು. 2022ರ ಮೇ 19ಕ್ಕೆ ಮೂವರು ಜಡ್ಜ್‌ಗಳ ಆದೇಶ ಬಂತು. ನಮ್ಮ ಕೊಡಗಿನ ಬೋಪಣ್ಣ ಅವರೂ ಆ ಬೆಂಚಿನಲ್ಲಿದ್ದರು. ಅದರ ಪ್ರಕಾರ ನ್ಯಾಕೋದ, ಅಂದರೆ ಕೇಂದ್ರ ಸರ್ಕಾರದ ಏಡ್ಸ್ ನಿಯಂತ್ರಣ ಸಂಸ್ಥೆಯ, ಗೆಜೆಟೆಡ್ ಅಧಿಕಾರಿ ಅಥವಾ ರಾಜ್ಯದ ಏಡ್ಸ್ ಸೊಸೈಟಿಯ ಪ್ರಾಜೆಕ್ಟ್ ಡೈರೆಕ್ಟರ್ ಕೊಡುವ ಸರ್ಟಿಫಿಕೇಟ್ ಇಟ್ಟು ಆಧಾರ್ ಮಾಡಿಸಬಹುದು. ಇವಳು ಸೆಕ್ಸ್ ವರ್ಕರ್ ಅಂತ ಗೊತ್ತಾಗುವ ಯಾವ ಕೋಡೂ ನಂಬರಿನಲ್ಲಿ ಇರಬಾರದು ಅಂತಲೂ ಬರೆದಿದ್ದಾರೆ. ಈ ಸಾಲನ್ನು ಅವಳಿಗೆ ಎರಡು ಸಲ ಓದಿ ಹೇಳಿ. ಜಾಸ್ತಿ ಜನ ಹಿಂದೆ ಸರಿಯುವುದು ಇದೇ ಭಯಕ್ಕೆ.

ಸರ್ಟಿಫಿಕೇಟ್‌ಗೆ ನೀವು ನೇರ ಬೆಂಗಳೂರಿಗೆ ಹೋಗಬೇಕಿಲ್ಲ, ನಿಮ್ಮ ಪ್ರಾಜೆಕ್ಟ್ ಮ್ಯಾನೇಜರ್ ಮೂಲಕ ಕಳಿಸಿ. ಹೆಸರಿನ ಸ್ಪೆಲ್ಲಿಂಗ್ ಅವಳ ಬಾಯಿಂದಲೇ ಕೇಳಿ ಬರೆಯಿರಿ. ಧಂದೆಯ ಹೆಸರು ಬೇಡ, ಮುಂದೆ ಬ್ಯಾಂಕಿಗೂ ರೇಷನ್ನಿಗೂ ಬೇಕಾದ ಹೆಸರು. ಅಡ್ರೆಸ್ ಅಂದರೆ ಪೋಸ್ಟ್ ಬಂದರೆ ಅವಳ ಕೈ ಸೇರುವ ಜಾಗ. ಲಾಡ್ಜ್ ಅಡ್ರೆಸ್ ಕೊಡಲೇಬೇಡಿ. ಬಂದ ಕಾಗದವನ್ನು ಕಪಾಟಿನಲ್ಲಿಟ್ಟು ಮರೆಯಬೇಡಿ, ಅದೇ ವಾರ ಸೆಂಟರಿಗೆ ಹೋಗಿ.

ಸೆಂಟರಿಗೆ ಹಿಂದಿನ ದಿನ ನೀವೊಬ್ಬರೇ ಹೋಗಿ ಬನ್ನಿ. ಯಾಕೆ ಅಂತ ಹೇಳ್ತೀನಿ. ಒಂದು ಕಡೆ ಆಪರೇಟರ್ ಕಾಗದ ಓದಿದ. ಮೇಲೆ 'ಏಡ್ಸ್' ಅನ್ನೋ ಪದ ಕಂಡಿತು. ಬೆರಳಿನ ಮಿಷನ್ ಕಡೆ ನೋಡಿದ, ಅವಳ ಕೈ ಕಡೆ ನೋಡಿದ, ಸ್ಯಾನಿಟೈಸರ್ ಬಾಟಲಿ ಎಳೆದುಕೊಂಡ. ಬಾಯಿ ಬಿಟ್ಟು ಏನೂ ಅನ್ನಲಿಲ್ಲ. ಹಿಂದೆ ಹನ್ನೆರಡು ಜನ ಟೋಕನ್ ಹಿಡಿದು ನಿಂತಿದ್ದರು. ಅವಳಿಗೆ ಎಚ್‌ಐವಿ ಇರಲಿಲ್ಲ, ಇದ್ದಿದ್ದರೂ ಬೆರಳಿಂದ ಹರಡುವ ಕಾಯಿಲೆ ಅದಲ್ಲ. ಆದರೆ ಅವಳು ಆಮೇಲೆ ಆರು ತಿಂಗಳು ನನ್ನ ಫೋನ್ ಎತ್ತಲಿಲ್ಲ. ಅವತ್ತಿಂದ ನಾನು ಮೊದಲೇ ಹೋಗಿ ಇನ್‌ಚಾರ್ಜ್ ಹತ್ತಿರ ಒಂಟಿಯಾಗಿ ಮಾತಾಡ್ತೀನಿ, ಆದೇಶದ ಜೆರಾಕ್ಸ್ ಕೊಡ್ತೀನಿ, ಜನ ಕಮ್ಮಿ ಇರುವ ಹೊತ್ತು ಕೇಳ್ತೀನಿ. ಸಾಮಾನ್ಯ ಮಧ್ಯಾಹ್ನ ಊಟದ ಮುಂಚೆ. ನಮ್ಮವರಿಗೂ ಅದೇ ಒಳ್ಳೇದು. ರಾತ್ರಿಯೆಲ್ಲ ಎಚ್ಚರ ಇದ್ದವಳನ್ನು ಬೆಳಗ್ಗೆ 7ಕ್ಕೆ ಟೋಕನ್ ಸಾಲಿಗೆ ನಿಲ್ಲಿಸೋದು ಪಾಪ.

ಫಾರಂನಲ್ಲಿ ಏನು ಕೆಲಸ ಅಂತ ಕಾಲಂ ಇಲ್ಲ. ಕೇಸ್ ಇದೆಯಾ ಅಂತ ಕಾಲಂ ಇಲ್ಲ. ಯಾರಾದರೂ ಬಾಯಲ್ಲಿ ಕೇಳಿದರೆ ಉತ್ತರ ಕೊಡಬೇಕಿಲ್ಲ. ಗಂಡನ ಹೆಸರು ದೊಡ್ಡವರಿಗೆ ಕಡ್ಡಾಯ ಅಲ್ಲ. ಮೊಬೈಲ್ ನಂಬರ್ ವಿಷಯಕ್ಕೆ ಹುಷಾರು. ನಮ್ಮವರ ಹತ್ತಿರ ಎರಡು ಸಿಮ್ ಇರುತ್ತೆ, ಗಿರಾಕಿ ಸಿಮ್ ಒಂದು, ಮನೆ ಸಿಮ್ ಒಂದು. ಗಿರಾಕಿ ಸಿಮ್ಮನ್ನು ಯಾರೋ ಕಾಟ ಕೊಟ್ಟರು ಅಂತ ಎರಡು ತಿಂಗಳಿಗೆ ಬಿಸಾಕ್ತಾರೆ. ಅದನ್ನು ಲಿಂಕ್ ಮಾಡಿದರೆ ಓಟಿಪಿ ಬರದೆ ಮತ್ತೆ ಅಲೆದಾಟ. ಹೊಸ ಆಧಾರ್‌ಗೆ ದುಡ್ಡಿಲ್ಲ, ಕೇಳಿದರೆ ರಶೀದಿ ಕೇಳಿ. ಕೊಡುವ ಚೀಟಿಯಲ್ಲಿ 28 ಅಂಕಿಯ ಎನ್‌ರೋಲ್‌ಮೆಂಟ್ ನಂಬರ್ ಇರುತ್ತೆ, ಅಲ್ಲೇ ನಿಮ್ಮ ಫೋನಲ್ಲಿ ಫೋಟೋ ತೆಗೆದುಕೊಳ್ಳಿ. ದೊಡ್ಡವರ ಕಾರ್ಡ್ ಮಕ್ಕಳದಕ್ಕಿಂತ ತಡ. ಪರಿಶೀಲನೆಗೆ ಯಾರಾದರೂ ಮನೆ ಹತ್ತಿರ ಬರಬಹುದು ಅಂತ ಅವಳಿಗೆ ಮೊದಲೇ ಹೇಳಿ, ಇಲ್ಲದಿದ್ದರೆ ಪೊಲೀಸ್ ರೈಡ್ ಅಂತ ಹಿಂಬಾಗಿಲಿಂದ ಓಡ್ತಾಳೆ.

ಮಕ್ಕಳದು ಇನ್ನೊಂದು ದಿನ ಬರೆಯುತ್ತೇನೆ. ಒಂದು ಮಾತು ಮಾತ್ರ: ಮದುವೆಯಾಗದ ತಾಯಿ ಅಫಿಡವಿಟ್ ಕೊಟ್ಟರೆ ಅಪ್ಪನ ಹೆಸರಿಲ್ಲದೆ ಮಗುವಿನ ಜನನ ಪತ್ರ ಕೊಡಬೇಕು ಅಂತ 2015ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಕೌಂಟರಿನಲ್ಲಿ ಇಲ್ಲ ಅಂದರೆ ಕೋರ್ಟ್ ಆವರಣದ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಇಲ್ಲ 15100ಕ್ಕೆ ಫೋನ್ ಮಾಡಿ. ಹೆಂಗಸರಿಗೆ ಅಲ್ಲಿ ವಕೀಲರು ಫ್ರೀ, ಆದಾಯ ಎಷ್ಟಿದ್ದರೂ.

ಕಾರ್ಡ್ ಕೈಗೆ ಬಂದ ದಿನ ಅವಳು ಅದನ್ನು ಬ್ಲೌಸಿನೊಳಗೆ ಇಟ್ಟುಕೊಳ್ತಾಳೆ, ಎಲ್ಲರೂ ಹಾಗೇ. ಬಿಡಿ, ಒಂದು ದಿನ ಇಟ್ಟುಕೊಳ್ಳಲಿ. ಮಾರನೇ ದಿನ ಮೂರು ಜೆರಾಕ್ಸ್ ಮಾಡಿಸಿ. ಒಂದು ಅವಳ ಪರ್ಸಿಗೆ, ಒಂದು ಮಗನ ಹತ್ತಿರ, ಒಂದು ನಮ್ಮ ಆಫೀಸಿನ ಫೈಲಿಗೆ. ಮೀಟರ್ ಬಡ್ಡಿಯವನು ಸಾಲ ಕೊಡುವಾಗ ಕೇಳುವುದೇ ಒರಿಜಿನಲ್ ಆಧಾರ್. ಲಾಡ್ಜಿನವನೂ "ನನ್ನ ಹತ್ರ ಇರ್ಲಿ" ಅಂತಾನೆ. ಅವರಿಗೆ ತೋರಿಸೋಕೆ ಜೆರಾಕ್ಸ್ ಸಾಕು. ಒರಿಜಿನಲ್ ಮಗನ ಡಬ್ಬಿ ಚೀಲದಲ್ಲಿದ್ದರೂ ಪರವಾಗಿಲ್ಲ, ಅವರ ಡ್ರಾಯರಿಗೆ ಮಾತ್ರ ಹೋಗಬಾರದು.