ತೋಟದ ಮನೆಯ ಲಿನಕ್ಸ್ ಲ್ಯಾಪ್‌ಟಾಪಿಗೆ ಕೈಯಾರೆ ವೈಫೈ

ಸಕಲೇಶಪುರದ ಕಡೆಯ ಒಂದು ತೋಟದ ಮನೆಯ ಹಳೇ ಲ್ಯಾಪ್‌ಟಾಪಿಗೆ ಡೆಬಿಯನ್ ಎಂಬ ಲಿನಕ್ಸ್ ಹಾಕಿ, ಡೆಸ್ಕ್‌ಟಾಪ್ ಇಲ್ಲದೆ ಬರೀ ಟರ್ಮಿನಲ್‌ನಲ್ಲೇ ವೈಫೈ ಜೋಡಿಸಿದೆ. ನೆಟ್ ಬರದಿದ್ದರೆ ಎಲ್ಲರ ಅನುಮಾನವೂ ಮೊದಲು ಪಾಸ್‌ವರ್ಡ್ ಮೇಲೆ. ಹಾಗೆ ಮಾಡಬಾರದು, ಬುಡದಿಂದ ನೋಡುತ್ತಾ ಬರಬೇಕು.

ನೆಟ್‌ವರ್ಕ್ ಕಾರ್ಡುಗಳ ಪಟ್ಟಿ ತೋರಿಸುವ ‘ಐಪಿ ಲಿಂಕ್’ ಕಮಾಂಡ್ ಕೊಟ್ಟರೆ ‘ಡಬ್ಲ್ಯೂಎಲ್’ ಎಂದು ಶುರುವಾಗುವ ವೈಫೈ ಕಾರ್ಡಿನ ಹೆಸರೇ ಇರಲಿಲ್ಲ. ಕರ್ನಲ್ ಲಾಗ್ (ಸಿಸ್ಟಮ್ಮಿನ ತಿರುಳು ಬರೆದಿಡುವ ದಾಖಲೆ) ತೆಗೆದರೆ ಕಾರಣ ಅಲ್ಲೇ ಇತ್ತು: ಕಾರ್ಡನ್ನು ಓಡಿಸುವ ಒಳ ಸಾಫ್ಟ್‌ವೇರ್, ಅಂದರೆ ಫರ್ಮ್‌ವೇರ್ ಫೈಲ್ ಸಿಕ್ಕಿಲ್ಲ. 2023ರಲ್ಲಿ ಬಂದ ಡೆಬಿಯನ್ 12ರಿಂದ ಈಚೆಗೆ ಇನ್‌ಸ್ಟಾಲರ್ ಜೊತೆಗೇ ಫರ್ಮ್‌ವೇರ್ ಬರುತ್ತದೆ; ಹಳೆಯದರಲ್ಲಿ ಬೇರೆಯಾಗಿ ಹಾಕಬೇಕು. ಹಾಕಲು ನೆಟ್ ಬೇಕಲ್ಲ? ಫೋನನ್ನು ಯುಎಸ್‌ಬಿ ವೈರಿನಲ್ಲಿ ಚುಚ್ಚಿ ಟೆದರಿಂಗ್ (ಫೋನಿನ ನೆಟ್ ಹಂಚುವುದು) ಆನ್ ಮಾಡಿದರೆ ಸಾಕು, ಅದಕ್ಕೆ ವೈಫೈ ಡ್ರೈವರಿನ ಹಂಗಿಲ್ಲ.

ಆಮೇಲೆ ವೈಫೈ ರೇಡಿಯೋ ಬಂದ್ ಆಗಿದೆಯೇ ಎಂದು ತೋರಿಸುವ ‘ಆರ್‌ಎಫ್‌ಕಿಲ್ ಲಿಸ್ಟ್’ ಕಮಾಂಡ್. ಸಾಫ್ಟ್ ಬ್ಲಾಕ್ ಇದ್ದರೆ ‘ಅನ್‌ಬ್ಲಾಕ್’ ಕೊಟ್ಟರೆ ಬಿಡುತ್ತದೆ. ಹಾರ್ಡ್ ಬ್ಲಾಕ್ ಎಂದರೆ ಲ್ಯಾಪ್‌ಟಾಪಿನ ಪಕ್ಕದ ಸ್ವಿಚ್ಚನ್ನೋ ಫಂಕ್ಷನ್ ಕೀಯನ್ನೋ ಹುಡುಕಿ, ಯಾವ ಕಮಾಂಡಿಗೂ ಅದು ಬಗ್ಗದು.

ಇಂಟರ್‌ಫೇಸನ್ನು (ಆ ‘ಡಬ್ಲ್ಯೂಎಲ್’ ಹೆಸರಿನದನ್ನು) ‘ಅಪ್’ ಮಾಡಿ ‘ಐಡಬ್ಲ್ಯೂ’ ಕಮಾಂಡಿನಿಂದ ಸ್ಕ್ಯಾನ್ ಮಾಡಿದಾಗ ಸಿಗ್ನಲ್ ಅಂಕಿ ಗಮನಿಸಿ. ಮೈನಸ್ 67 ಡಿಬಿಎಂ (ಸಿಗ್ನಲ್ ಬಲದ ಅಳತೆ) ಆಸುಪಾಸು ಚೆನ್ನಾಗಿ ಓಡುತ್ತದೆ, ಮೈನಸ್ 80ಕ್ಕಿಂತ ಕೆಳಗಿಳಿದರೆ ಕಷ್ಟ. ಹಳೇ ಮನೆಗಳ ದಪ್ಪ ಮಣ್ಣಿನ ಗೋಡೆಗೆ 5 ಗಿಗಾಹರ್ಟ್ಸ್ ಬೇಗ ಸೋಲುತ್ತದೆ, ಒಳಕೋಣೆಗೆ 2.4 ಸರಿ.

ಈಗ ಕೀ. ‘ಡಬ್ಲ್ಯೂಪಿಎ ಪಾಸ್‌ಫ್ರೇಸ್’ ಎಂಬ ಕಮಾಂಡಿಗೆ ನೆಟ್‌ವರ್ಕಿನ ಹೆಸರು, ಪಾಸ್‌ವರ್ಡ್ ಎರಡನ್ನೂ ಕೊಟ್ಟರೆ 64 ಅಕ್ಷರಗಳ ಕೀ ಬರುತ್ತದೆ. ಆ ಎರಡನ್ನೂ ಸೇರಿಸಿ 4096 ಸಲ ಅರೆದು ಮಾಡಿದ ಕೀ ಅದು. ಹಾಗಾಗಿ ಪಾಸ್‌ವರ್ಡ್ ಅದೇ ಇದ್ದು ರೂಟರಿನ ಹೆಸರು ಮಾತ್ರ ಬದಲಿಸಿದರೂ ಹಳೇ ಕೀ ಕೆಲಸಕ್ಕೆ ಬಾರದು. ಹೆಸರಿನ ಕೊನೆಗೆ ಒಂದು ಖಾಲಿ ಜಾಗ ಇದ್ದರೂ ಅಷ್ಟೇ. ಔಟ್‌ಪುಟ್‌ನಲ್ಲಿ ಹ್ಯಾಷ್ (#) ಗುರುತಿನ ಮುಂದೆ ನಿಮ್ಮ ಪಾಸ್‌ವರ್ಡ್ ಹಾಗೇ ಬಿದ್ದಿರುತ್ತದೆ. ಆ ಸಾಲು ಅಳಿಸಿ, ಉಳಿದದ್ದನ್ನು ಸಪ್ಲಿಕೆಂಟ್‌ನ (ಕೀ ಬಳಸಿ ರೂಟರಿಗೆ ಜೋಡಿಸುವ ಪ್ರೋಗ್ರಾಂ) ಸೆಟ್ಟಿಂಗ್ ಫೈಲಿಗೆ ಹಾಕಿ, ಅದರ ಪರ್ಮಿಷನ್ 600 (ಮಾಲೀಕ ಮಾತ್ರ ಓದಿ ಬರೆಯಬಹುದು) ಮಾಡಿ. ದೇಶದ ಕೋಡ್ ‘ಐಎನ್’ ಕೂಡ ಅಲ್ಲೇ ಬರೆಯಿರಿ.

ಸಪ್ಲಿಕೆಂಟನ್ನು ಮೊದಲ ಸಲ ಹಿನ್ನೆಲೆಗೆ ಕಳಿಸದೆ ಎದುರಿಗೇ ಓಡಿಸಿ, ತಪ್ಪು ಕಣ್ಣಿಗೆ ಬೀಳುತ್ತದೆ. ಹಿಡಿದು ಬಿಟ್ಟು, ಹಿಡಿದು ಬಿಟ್ಟು ಮಾಡುತ್ತಿದ್ದರೆ ವೈಫೈ ನೋಡಿಕೊಳ್ಳುವ ಇನ್ನೊಂದು ಪ್ರೋಗ್ರಾಂ ನೆಟ್‌ವರ್ಕ್ ಮ್ಯಾನೇಜರ್ ಕೂಡ ಅದೇ ಕಾರ್ಡನ್ನು ಎಳೆದಾಡುತ್ತಿದೆಯೇ ನೋಡಿ. ಇಬ್ಬರಲ್ಲಿ ಒಬ್ಬರೇ ಇರಬೇಕು.

ಕಡೆಗೆ ಡಿಎಚ್‌ಸಿಪಿ, ಅಂದರೆ ರೂಟರಿನಿಂದ ತಾನಾಗಿಯೇ ಐಪಿ ವಿಳಾಸ ಪಡೆಯುವುದು. 169.254 ಎಂದು ಶುರುವಾಗುವ ವಿಳಾಸ ಬಂತೆಂದರೆ ರೂಟರ್ ವಿಳಾಸ ಕೊಟ್ಟಿಲ್ಲ. 8.8.8.8ಕ್ಕೆ (ಗೂಗಲ್ ಸರ್ವರಿನ ವಿಳಾಸ) ಪಿಂಗ್ ಹೋಗಿ, ಸೈಟಿನ ಹೆಸರಿಗೆ ಹೋಗದಿದ್ದರೆ ‘ರಿಸಾಲ್ವ್ ಕಾನ್ಫ್’ ಫೈಲಿನಲ್ಲಿ ನೇಮ್‌ಸರ್ವರ್ (ಹೆಸರಿಗೆ ವಿಳಾಸ ಹುಡುಕಿಕೊಡುವ ಸರ್ವರ್) ಸಾಲು ಸೇರಿಸಿ.

ಮಳೆಗಾಲದಲ್ಲಿ ಕರೆಂಟ್ ಹೋಗಿ ರೂಟರ್ ಮತ್ತೆ ಎದ್ದರೆ ಸಪ್ಲಿಕೆಂಟ್ ತಾನಾಗಿಯೇ ಜೋಡಿಸಿಕೊಳ್ಳುತ್ತದೆ. ಲ್ಯಾಪ್‌ಟಾಪೂ ಪೂರ್ತಿ ಆರಿದ್ದರೆ ತಾರೀಖು ನೋಡಿ: ಒಳಗಿನ ಬಟನ್ ಸೆಲ್ ಸತ್ತಿದ್ದರೆ ಗಡಿಯಾರ ಎಷ್ಟೋ ವರ್ಷ ಹಿಂದಕ್ಕೆ ಹೋಗಿ, ವೈಫೈ ಸರಿಯಿದ್ದರೂ ಬ್ರೌಸರ್ ಸರ್ಟಿಫಿಕೇಟ್ ದೋಷ ತೋರಿಸುತ್ತದೆ. ಸೆಲ್ ಬದಲಿಸಿ, ವೈಫೈ ಫೈಲನ್ನು ಮುಟ್ಟಬೇಡಿ.